ಊರಿಗೆ ಬಂದ ಎದೆ ಎಕ್ಸ್‌ರೇ: ಕ್ಯಾಂಪಿನ ಸಾಲಿನಲ್ಲಿ ನಿಂತು ನೀವು ಕೇಳುವ ಪ್ರಶ್ನೆಗಳು

ನಾನು ಕ್ಷಯ ಹುಡುಕುವ ಕ್ಯಾಂಪುಗಳಲ್ಲಿ ಎಕ್ಸ್‌ರೇ ತೆಗೆಯುವವನು. ಡಾಕ್ಟರಲ್ಲ. ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಶಾಲೆಯ ಜಗುಲಿ, ಸಮುದಾಯ ಭವನ, ಒಮ್ಮೆ ಹಾಲಿನ ಡೇರಿಯ ಮುಂದೆ ಕೂಡ ಮಷಿನ್ನು ಇಟ್ಟಿದ್ದೇವೆ. 2024ರ ಡಿಸೆಂಬರ್ 7ರಂದು ದೇಶದ 347 ಜಿಲ್ಲೆಗಳಲ್ಲಿ ನೂರು ದಿನಗಳ ಟಿ.ಬಿ. ಅಭಿಯಾನ ಶುರುವಾದ ಮೇಲೆ ಇಂಥ ಕ್ಯಾಂಪುಗಳು ಜಾಸ್ತಿಯಾಗಿವೆ. ಎಲ್ಲಿ ಹೋದರೂ ಜನ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಸಾಲು ಉದ್ದ ಇರುವಾಗ ಅರ್ಧಂಬರ್ಧ ಉತ್ತರ ಕೊಟ್ಟು ಕಳಿಸಿದ್ದೇನೆ. ಇಲ್ಲಿ ಪೂರ್ತಿ ಬರೆದಿದ್ದೇನೆ.

ನನಗೆ ಕೆಮ್ಮೇ ಇಲ್ಲ. ನನಗ್ಯಾಕೆ ಎಕ್ಸ್‌ರೇ?

ನಿಮ್ಮಂಥವರಿಗಾಗಿಯೇ ಮಷಿನ್ನು ಊರಿಗೆ ಬಂದಿರುವುದು. ಎರಡು ವಾರ ಬಿಡದೆ ಕೆಮ್ಮುವವರು ಇವತ್ತಲ್ಲ ನಾಳೆ ಆಸ್ಪತ್ರೆಗೆ ಹೋಗಬಹುದು. ಕೆಮ್ಮೇ ಇಲ್ಲದವರು ಯಾಕೆ ಹೋಗುತ್ತಾರೆ?

ಭಾರತದಲ್ಲಿ 2019ರಿಂದ 2021ರವರೆಗೆ ಟಿ.ಬಿ. ಎಷ್ಟಿದೆ ಎಂದು ತಿಳಿಯಲು ದೇಶವ್ಯಾಪಿ ಸಮೀಕ್ಷೆ ನಡೆಯಿತು. ಲಕ್ಷಣ ಇದೆಯಾ ಎಂದು ಕೇಳಿದರು, ಜೊತೆಗೆ ಎದೆ ಎಕ್ಸ್‌ರೇಯನ್ನೂ ತೆಗೆದರು. ಸಿಕ್ಕ ಶ್ವಾಸಕೋಶದ ಟಿ.ಬಿ. ರೋಗಿಗಳಲ್ಲಿ 42.6% ಜನ ಎಕ್ಸ್‌ರೇ ಇಲ್ಲದಿದ್ದರೆ ತಪ್ಪಿಹೋಗುತ್ತಿದ್ದರು. ಅಂದರೆ ಹತ್ತರಲ್ಲಿ ನಾಲ್ವರು! "ಕೆಮ್ಮು ಇದೆಯಾ, ಜ್ವರ ಇದೆಯಾ" ಎಂದು ಮನೆ ಮನೆಗೆ ಹೋಗಿ ಕೇಳಿದ್ದರೂ ಇವರು "ಇಲ್ಲ" ಎಂದೇ ಹೇಳುತ್ತಿದ್ದರು. ಸುಳ್ಳು ಹೇಳುತ್ತಾರೆ ಅಂತಲ್ಲ. ಕಾಯಿಲೆ ಇನ್ನೂ ಮೆಲ್ಲಗೆ ಕೂತಿರುತ್ತದೆ, ಅಥವಾ ಅವರು ಆ ಕೆಮ್ಮನ್ನು ಕೆಮ್ಮು ಅಂತಲೇ ಲೆಕ್ಕ ಇಟ್ಟಿರುವುದಿಲ್ಲ. "ಇದು ಬೀಡಿ ಕೆಮ್ಮು ಸಾರ್, ಇಪ್ಪತ್ತು ವರ್ಷದಿಂದ ಐತೆ" ಎಂದು ಎಷ್ಟು ಜನ ಹೇಳಿಲ್ಲ ನನಗೆ!

ಅದೇ ಸಮೀಕ್ಷೆಯ ಇನ್ನೊಂದು ಅಂಕಿ ನನ್ನನ್ನು ಜಾಸ್ತಿ ಕಾಡುತ್ತದೆ. ಲಕ್ಷಣ ಇದ್ದವರಲ್ಲೂ ಸುಮಾರು 64% ಜನ ಎಲ್ಲಿಯೂ ತೋರಿಸಿಕೊಂಡಿರಲಿಲ್ಲ.

ಊರಿನ ಎಲ್ಲರಿಗೂ ತೆಗೆಯುತ್ತೀರಾ? ನನ್ನನ್ನೇ ಯಾಕೆ ಕರೆದರು?

ಆಶಾ ಕಾರ್ಯಕರ್ತೆಯರ ಕೈಯಲ್ಲಿ ಒಂದು ಪಟ್ಟಿ ಇರುತ್ತದೆ. ಅರವತ್ತು ದಾಟಿದವರು, ಸಕ್ಕರೆ ಕಾಯಿಲೆ ಇರುವವರು, ತೀರಾ ಬಡಕಲಾದವರು, ಬೀಡಿ-ಸಿಗರೇಟು ಸೇದುವವರು, ಕುಡಿಯುವವರು, ಎಚ್‌ಐವಿ ಇರುವವರು, ಕಳೆದ ಐದು ವರ್ಷದಲ್ಲಿ ಟಿ.ಬಿ. ಆಗಿ ವಾಸಿಯಾದವರು, ಟಿ.ಬಿ. ರೋಗಿಯ ಮನೆಯವರು. ಇವರಿಗೆ ಮೊದಲ ಕರೆ. ಜೈಲು, ವೃದ್ಧಾಶ್ರಮ, ಗಣಿ ಮತ್ತು ಕ್ರಷರ್ ಇರುವ ಜಾಗ, ಕಾಡಂಚಿನ ಹಾಡಿಗಳಿಗೂ ಕ್ಯಾಂಪು ಹೋಗುತ್ತದೆ. ನಿಮ್ಮ ಹೆಸರು ಪಟ್ಟಿಯಲ್ಲಿದೆ ಎಂದರೆ ನಿಮಗೆ ಕಾಯಿಲೆ ಇದೆ ಎಂದು ಯಾರೋ ಚಾಡಿ ಹೇಳಿದ್ದಾರೆ ಅಂತ ಅರ್ಥವಲ್ಲ. ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುತ್ತಿದ್ದರೂ ಸಾಕು, ಹೆಸರು ಸೇರುತ್ತದೆ.

ಏನು ಹಾಕಿಕೊಂಡು ಬರಬೇಕು? ತಾಳಿ ತೆಗೆಯಲೇಬೇಕಾ?

ಹೊಟ್ಟೆ ಖಾಲಿ ಇರಬೇಕಿಲ್ಲ. ತಿಂಡಿ ತಿಂದೇ ಬನ್ನಿ. ಗುಂಡಿ, ಜರಿ, ಕಸೂತಿ ಕಡಿಮೆ ಇರುವ ಹತ್ತಿ ಬಟ್ಟೆ ಇದ್ದರೆ ಒಳ್ಳೆಯದು. ಲೋಹ ಎಕ್ಸ್‌ರೇಯಲ್ಲಿ ಅಚ್ಚ ಬೆಳ್ಳಗೆ ಕಾಣುತ್ತದೆ. ಅದರ ಹಿಂದೆ ಏನಿದ್ದರೂ ಮುಚ್ಚಿಹೋಗುತ್ತದೆ. ರವಿಕೆಯ ಪಿನ್ನು, ಒಳ ಉಡುಪಿನ ಕೊಕ್ಕೆ, ಕೊರಳಿನ ತಾಯತ, ಅಂಗಿ ಜೇಬಿನ ಮೊಬೈಲು, ಚಿಲ್ಲರೆ ಕಾಸು, ಎಲ್ಲವೂ ತೊಂದರೆಯೇ. ಉಡಿದಾರ ಇರಲಿ ಬಿಡಿ, ಅದು ಸೊಂಟದಲ್ಲಿರುತ್ತದೆ.

ತಾಳಿ ತೆಗೆಯಲು ಎಷ್ಟೋ ತಾಯಂದಿರು ಒಪ್ಪುವುದಿಲ್ಲ. ನಾನು ಒತ್ತಾಯ ಮಾಡುವುದಿಲ್ಲ. ಸರವನ್ನು ಹಿಂದಕ್ಕೆ ಸರಿಸಿದರೂ ಬೆನ್ನಿನ ಕಡೆಯಿಂದ ಕಾಣುತ್ತದೆ, ಅದು ಪ್ರಯೋಜನವಿಲ್ಲ. ಹಾಗಾಗಿ ಸರವನ್ನು ಮೇಲಕ್ಕೆ ಎತ್ತಿ ಗಲ್ಲದ ಹತ್ತಿರ ಹಿಡಿದುಕೊಳ್ಳಲು ಹೇಳುತ್ತೇವೆ. ಕೆಲವರು ಬಾಯಲ್ಲಿ ಕಚ್ಚಿಕೊಳ್ಳುತ್ತಾರೆ. ಎರಡು ಸೆಕೆಂಡಿನ ಮಾತು. ಕೆಲಸ ಆಗುತ್ತದೆ.

ಜಡೆಯ ಬಗ್ಗೆ ಮಾತ್ರ ನಾನು ಹಟಮಾರಿ. ಅದಕ್ಕೆ ಕಾರಣ ನನ್ನದೇ ಒಂದು ತಪ್ಪು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಹೆಂಗಸಿನ ಎಕ್ಸ್‌ರೇಯಲ್ಲಿ ಬಲಗಡೆ ಮೇಲ್ಭಾಗದಲ್ಲಿ ಹಗ್ಗ ಹೊಸೆದಂಥ ಒಂದು ನೆರಳು ಬಂತು. ಕಂಪ್ಯೂಟರು "ಅನುಮಾನ" ಎಂದಿತು. ಕಫ ಪರೀಕ್ಷೆಗೆ ಬರೆದೆವು. ಆಕೆ ಎರಡು ದಿನ ಊಟ ಬಿಟ್ಟರಂತೆ. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆಯನ್ನು ಹೆಗಲ ಮೇಲಿಂದ ಮುಂದಕ್ಕೆ ಹಾಕಿಕೊಂಡಿದ್ದರು, ಅಷ್ಟೇ. ನಾನು ನೋಡಬೇಕಿತ್ತು, ನೋಡಲಿಲ್ಲ. ಶ್ವಾಸಕೋಶದ ಟಿ.ಬಿ. ದೊಡ್ಡವರಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುವುದು ಅದೇ ಮೇಲ್ಭಾಗದಲ್ಲಿ, ಕೊರಳಿನ ಮೂಳೆಯ ಹಿಂದೆ. ಜಡೆ ಬೀಳುವುದೂ ಅಲ್ಲೇ. ಈಗ ನನ್ನ ಚೀಲದಲ್ಲಿ ಯಾವಾಗಲೂ ಒಂದು ಪ್ಲಾಸ್ಟಿಕ್ ಕ್ಲಿಪ್ಪು ಇರುತ್ತದೆ. ಜಡೆ ಎತ್ತಿ ನೆತ್ತಿಯ ಮೇಲೆ ಕಟ್ಟಿಕೊಂಡೇ ನಿಲ್ಲಬೇಕು.

ನಿಲ್ಲಿಸಿ ಭುಜ ಯಾಕೆ ಮುಂದಕ್ಕೆ ತಳ್ಳುತ್ತೀರಿ? ಉಸಿರು ಯಾಕೆ ಹಿಡಿಯಬೇಕು?

ಎದೆಯನ್ನು ಹಲಗೆಗೆ ಒತ್ತಿ, ಗಲ್ಲ ಮೇಲೆತ್ತಿ, ಎರಡೂ ಕೈ ಸೊಂಟದ ಮೇಲಿಟ್ಟು ಮೊಣಕೈ ಮುಂದೆ ಮಾಡಿದರೆ ಬೆನ್ನಿನ ರೆಕ್ಕೆಮೂಳೆ ಪಕ್ಕಕ್ಕೆ ಸರಿಯುತ್ತದೆ. ಇಲ್ಲವಾದರೆ ಅದು ಶ್ವಾಸಕೋಶದ ಮೇಲೆ ನೆರಳು ಹಾಕುತ್ತದೆ. ಉಸಿರು ತುಂಬಾ ಎಳೆದುಕೊಂಡರೆ ಶ್ವಾಸಕೋಶ ಅರಳುತ್ತದೆ, ಗಾಳಿ ತುಂಬಿದ ಜಾಗ ಕಪ್ಪಗೆ ಕಾಣುತ್ತದೆ, ಕಾಯಿಲೆ ಇದ್ದ ಜಾಗ ಬೆಳ್ಳಗೆ ಎದ್ದು ಕಾಣುತ್ತದೆ. ಅರ್ಧ ಉಸಿರಿನಲ್ಲಿ ತೆಗೆದರೆ ಕೆಳಭಾಗವೆಲ್ಲ ಮಂಕು ಮಂಕು. ವಯಸ್ಸಾದವರಿಗೆ "ನೀರಲ್ಲಿ ಮುಳುಗೋ ಮುಂಚೆ ಉಸಿರು ಎಳ್ಕೊಳ್ತೀರಲ್ಲ, ಹಂಗೆ" ಎನ್ನುತ್ತೇನೆ. ಬಾವಿಯಲ್ಲಿ ಈಜು ಕಲಿತವರಿಗೆ ತಕ್ಷಣ ಗೊತ್ತಾಗುತ್ತದೆ.

ರೇಡಿಯೇಷನ್‌ನಿಂದ ಕ್ಯಾನ್ಸರ್ ಬರುತ್ತದಂತೆ, ಹೌದಾ?

ಒಂದು ಎದೆ ಎಕ್ಸ್‌ರೇಯಲ್ಲಿ ಮೈಗೆ ತಾಗುವುದು 0.1 ಮಿಲಿಸೀವರ್ಟ್ (ರೇಡಿಯೇಷನ್, ಅಂದರೆ ವಿಕಿರಣ ಅಳೆಯುವ ಮಾನ) ಅಥವಾ ಅದಕ್ಕಿಂತ ಕಡಿಮೆ. ನಾವು ಸುಮ್ನೆ ಮನೆಯಲ್ಲಿ ಕೂತಿದ್ದರೂ ಮಣ್ಣು, ಬಂಡೆ, ಗಾಳಿ, ಆಕಾಶದಿಂದ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ವಿಕಿರಣ ತಾಗುತ್ತಲೇ ಇರುತ್ತದೆ. ಲೆಕ್ಕ ಹಾಕಿದರೆ ಒಂದು ಎಕ್ಸ್‌ರೇ ಅಂದರೆ ಹೆಚ್ಚೆಂದರೆ ಎರಡು ವಾರದ ಬದುಕು. ಸಿ.ಟಿ. ಸ್ಕ್ಯಾನಿನಲ್ಲಿ ಇದರ ಹತ್ತಾರು ಪಟ್ಟು ಇರುತ್ತದೆ. ಅದಕ್ಕೇ ಅದನ್ನು ಊರಿಗೆಲ್ಲ ಮಾಡುವುದಿಲ್ಲ.

"ಹಾಗಾದ್ರೆ ನೀವ್ಯಾಕೆ ಸೀಸದ ಕೋಟು ಹಾಕ್ಕೊಂಡಿದ್ದೀರಿ?" ಎಂದು ಮಧುಗಿರಿ ಕಡೆ ಒಬ್ಬ ಹುಡುಗ ಕೇಳಿದ. ಸರಿಯಾದ ಪ್ರಶ್ನೆಯೇ. ನೀವು ಮಷಿನ್ನಿನ ಮುಂದೆ ನಿಲ್ಲುವುದು ಒಂದು ಸಲ. ನಾನು ದಿನವಿಡೀ ಅದರ ಹತ್ತಿರ ಇರುತ್ತೇನೆ, ವರ್ಷಗಟ್ಟಲೆ. ನನ್ನ ಎದೆಯ ಮೇಲೆ ಒಂದು ಚಿಕ್ಕ ಬ್ಯಾಡ್ಜೂ ಇರುತ್ತದೆ, ನನಗೆ ಎಷ್ಟು ತಾಗಿತು ಎಂದು ಅಳೆಯುವುದಕ್ಕೆ. ಮಷಿನ್ನು ನಡೆಯುತ್ತಿರುವಾಗ ಸಾಲಿನವರನ್ನು ದೂರ ನಿಲ್ಲಿಸುವುದೂ ಅದಕ್ಕೇ. ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಇಣುಕಬೇಡಿ.

ಬಸುರಿ ಹೆಂಗಸರು, ಮಕ್ಕಳು?

ಬಸುರಿಯರಿಗೆ ಕ್ಯಾಂಪಿನಲ್ಲಿ ಎಕ್ಸ್‌ರೇ ಮಾಡುವುದಿಲ್ಲ. ಲಕ್ಷಣ ಇದ್ದರೆ ನೇರ ಕಫ ಪರೀಕ್ಷೆ. ತೀರಾ ಬೇಕಾದರೆ ಡಾಕ್ಟರು ಹೇಳಿದ ಮೇಲೆ ಆಸ್ಪತ್ರೆಯಲ್ಲಿ ಹೊಟ್ಟೆಗೆ ಸೀಸದ ಹೊದಿಕೆ ಹಾಕಿ ತೆಗೆಯುತ್ತಾರೆ. ಮುಟ್ಟು ತಪ್ಪಿದ್ದರೆ ಮೊದಲೇ ಆಶಾಗೆ ಪಿಸುಗುಟ್ಟಿ ಹೇಳಿ. ಅತ್ತೆ ಪಕ್ಕದಲ್ಲಿ ನಿಂತಿದ್ದಾರೆ ಎಂದು ಸುಮ್ಮನಿರಬೇಡಿ. ಮಕ್ಕಳ ಟಿ.ಬಿ. ಪತ್ತೆಯ ದಾರಿ ಬೇರೆ. ಅದನ್ನು ಡಾಕ್ಟರೇ ನೋಡಬೇಕು. ಕ್ಯಾಂಪಿನ ಕಂಪ್ಯೂಟರು ಓದುವುದು 15 ದಾಟಿದವರ ಎಕ್ಸ್‌ರೇ.

ಇದು ಕ್ಯಾಮೆರಾ ಥರ ಇದೆಯಲ್ಲ! ಇದು ನಿಜವಾದ ಎಕ್ಸ್‌ರೇನಾ?

ಹೌದು, ನಿಜವಾದದ್ದೇ. ಕೆಲವು ಮಾದರಿಗಳು ಮೂರೂವರೆ ಕಿಲೋ ತೂಗುತ್ತವೆ ಅಷ್ಟೇ. ಬ್ಯಾಟರಿಯಲ್ಲಿ ನಡೆಯುತ್ತದೆ, ಕರೆಂಟು ಹೋದರೂ ಕೆಲಸ ನಿಲ್ಲುವುದಿಲ್ಲ. ನಿಮ್ಮ ಎದೆಯ ಮುಂದೆ ಇರುವ ಹಲಗೆಯೇ ಫಿಲ್ಮಿನ ಜಾಗದಲ್ಲಿ ಕೆಲಸ ಮಾಡುತ್ತದೆ. ಚಿತ್ರ ಕೆಲವೇ ಸೆಕೆಂಡಿನಲ್ಲಿ ಲ್ಯಾಪ್‌ಟಾಪಿಗೆ ಬರುತ್ತದೆ. ಹಾಗಾಗಿ ಕೈಗೆ ದೊಡ್ಡ ಕಪ್ಪು ಫಿಲ್ಮು ಸಿಗುವುದಿಲ್ಲ. ಫಿಲ್ಮು ಕೊಡಲಿಲ್ಲ ಎಂದು ಜಗಳ ಆಡಿದವರು ಇದ್ದಾರೆ. ದೊಡ್ಡ ಮಷಿನ್ನಿನಷ್ಟು ಶಕ್ತಿ ಇದಕ್ಕಿಲ್ಲ ನಿಜ. ತುಂಬಾ ದಪ್ಪ ಮೈಯವರಲ್ಲಿ ಚಿತ್ರ ಸ್ವಲ್ಪ ಮಂಕಾಗಬಹುದು. ಆಗ ಇನ್ನೊಮ್ಮೆ ತೆಗೆಯುತ್ತೇವೆ, ಇಲ್ಲವೇ ತಾಲೂಕು ಆಸ್ಪತ್ರೆಗೆ ಕಳಿಸುತ್ತೇವೆ.

ಎಕ್ಸ್‌ರೇ ನೋಡುವುದು ಕಂಪ್ಯೂಟರಾ, ಡಾಕ್ಟರಾ?

ಬಹಳ ಕಡೆ ಮೊದಲು ಕಂಪ್ಯೂಟರು. ಸಾವಿರಾರು ಎಕ್ಸ್‌ರೇ ತೋರಿಸಿ ಅದಕ್ಕೆ ಕಲಿಸಿರುತ್ತಾರೆ. ಅದು ಒಂದು ಅಂಕ ಕೊಡುತ್ತದೆ, ಅನುಮಾನದ ಜಾಗಕ್ಕೆ ಬಣ್ಣ ಹಚ್ಚಿ ತೋರಿಸುತ್ತದೆ. ಗಡಿ ದಾಟಿದ ಅಂಕ ಬಂದರೆ ಕಫ ಪರೀಕ್ಷೆ. 15 ವರ್ಷ ದಾಟಿದವರಲ್ಲಿ ಮನುಷ್ಯರ ಬದಲು ಇಂಥ ತಂತ್ರಾಂಶವೇ ಎಕ್ಸ್‌ರೇ ಓದಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಒಪ್ಪಿತು. ಒಂದು ಹಳ್ಳಿಗೆ ಒಬ್ಬ ರೇಡಿಯಾಲಜಿಸ್ಟ್ ಎಲ್ಲಿಂದ ತರೋಣ, ಅಲ್ವಾ? ಆದರೆ ಅದು ನನ್ನ ಜಡೆಯ ಕಥೆಯಂತೆ ಮೋಸವೂ ಹೋಗುತ್ತದೆ. ಹಳೇ ಟಿ.ಬಿ.ಯ ಗಾಯದ ಗುರುತನ್ನು ಹೊಸ ಕಾಯಿಲೆ ಎಂದು ಹೇಳುವುದೂ ಇದೆ.

ಎಲ್ಲರನ್ನೂ ಮನೆಗೆ ಕಳಿಸಿ ನನ್ನನ್ನು ಮಾತ್ರ ಕಫ ಕೊಡಿ ಎಂದರು. ಅಂದರೆ ನನಗೆ ಟಿ.ಬಿ. ಬಂದಿದೆ, ಹೌದಲ್ವಾ?

ಇದನ್ನು ನಿಧಾನವಾಗಿ ಓದಿ. ಇಡೀ ಕ್ಯಾಂಪಿನಲ್ಲಿ ರೋಗಿಗಳು ನಮ್ಮ ಕೈ ಜಾರಿಹೋಗುವುದು ಇಲ್ಲೇ.

ಎಕ್ಸ್‌ರೇ ನೆರಳನ್ನು ತೋರಿಸುತ್ತದೆ, ಅಷ್ಟೇ. ಆ ನೆರಳು ಟಿ.ಬಿ.ಯದಾ, ನ್ಯುಮೋನಿಯಾದಾ, ಹತ್ತು ವರ್ಷದ ಹಿಂದೆ ಮಾಗಿದ ಗಾಯದ್ದಾ ಎಂದು ಹೇಳಬೇಕಾದ್ದು ಕಫ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ, ಎಕ್ಸ್‌ರೇಯಲ್ಲಿ ಏನೇ ಏರುಪೇರು ಕಂಡರೂ ಕರೆದರೆ, ಟಿ.ಬಿ. ಇರುವ ನೂರು ಜನರಲ್ಲಿ ಸುಮಾರು 94 ಜನ ಸಿಗುತ್ತಾರೆ. ಆದರೆ ಟಿ.ಬಿ. ಇಲ್ಲದ ನೂರು ಜನರಲ್ಲಿ ಸುಮಾರು 11 ಜನರನ್ನೂ ಅದು ಹಿಡಿದು ನಿಲ್ಲಿಸುತ್ತದೆ.

ಇದನ್ನೇ ಒಂದು ಊರಿಗೆ ಅನ್ವಯಿಸೋಣ. ನಾನು ಮೊದಲು ಹೇಳಿದ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15 ದಾಟಿದ ಲಕ್ಷ ಜನಕ್ಕೆ 316 ಮಂದಿಗೆ ಶ್ವಾಸಕೋಶದ ಟಿ.ಬಿ. ಅಂದರೆ ಸಾವಿರಕ್ಕೆ ಮೂರು. ಸಾವಿರ ಜನರ ಎಕ್ಸ್‌ರೇ ತೆಗೆದೆವು ಎಂದುಕೊಳ್ಳಿ. ಕಫ ಕೊಡಿ ಎಂದು ಹೇಳಿಸಿಕೊಳ್ಳುವವರು ಸುಮಾರು 113 ಜನ. ಅವರಲ್ಲಿ ನಿಜಕ್ಕೂ ಟಿ.ಬಿ. ಇರುವವರು ಮೂವರು. ಉಳಿದ 110 ಜನ ಕಫ ಕೊಟ್ಟು, ಇಲ್ಲ ಎನಿಸಿಕೊಂಡು, ಮನೆಗೆ ಹೋಗುತ್ತಾರೆ. ನೀವು ಆ 110ರಲ್ಲಿ ಒಬ್ಬರಾಗಿರುವ ಸಾಧ್ಯತೆಯೇ ಜಾಸ್ತಿ.

ಆದರೆ ಆ ಮೂವರು ಯಾರು ಎಂದು ನೋಡಿದ ಮಾತ್ರಕ್ಕೆ ನನಗೂ ಗೊತ್ತಾಗುವುದಿಲ್ಲ, ಅವರಿಗೂ ಗೊತ್ತಾಗುವುದಿಲ್ಲ. ಕಫದ ಡಬ್ಬಿ ಈಸಿಕೊಂಡು ಹೋದವರು ವಾಪಸ್ ಬರದಿದ್ದರೆ ನಾವು ಅಷ್ಟು ದೂರ ಮಷಿನ್ನು ಹೊತ್ತು ತಂದಿದ್ದೂ ದಂಡ, ನೀವು ಕೂಲಿ ಬಿಟ್ಟು ಸಾಲಿನಲ್ಲಿ ನಿಂತಿದ್ದೂ ದಂಡ. ಪಾವಗಡದ ಕಡೆ ಒಂದು ಕ್ಯಾಂಪು ಮುಗಿಸಿ ಸಾಮಾನು ಕಟ್ಟುವಾಗ ಶಾಲೆಯ ಕಾಂಪೌಂಡಿನ ಮೇಲೆ ಎರಡು ಖಾಲಿ ಡಬ್ಬಿ ಸಾಲಾಗಿ ಇಟ್ಟಿದ್ದವು. ಮುಚ್ಚಳ ಭದ್ರವಾಗಿ ಹಾಕಿತ್ತು, ನಾವು ಬರೆದ ನಂಬರೂ ಹಾಗೇ ಇತ್ತು. ಯಾರಿಗೂ ಕಾಣದಂತೆ ಇಟ್ಟು ಹೋಗಿದ್ದರು. ಆ ಸಂಜೆ ಆಶಾ ಆ ನಂಬರು ಹಿಡಿದು ಎರಡೂ ಮನೆಗೆ ಹೋದರು.

ಕಫ ಹೇಗೆ ಕೊಡಬೇಕು?

ಡಬ್ಬಿ ಕೊಟ್ಟವರಲ್ಲಿ ಅರ್ಧದಷ್ಟು ಜನ ಎಂಜಲು ತರುತ್ತಾರೆ ಎಂದರೆ ನಗಬೇಡಿ, ತಪ್ಪು ಅವರದಲ್ಲ. ನಾವು ಸರಿಯಾಗಿ ಹೇಳಿರುವುದಿಲ್ಲ.

ಬೆಳಿಗ್ಗೆ ಎದ್ದ ಕೂಡಲೇ, ಹಲ್ಲುಜ್ಜುವ ಮುಂಚೆ, ಬರೀ ನೀರಿನಲ್ಲಿ ಬಾಯಿ ಮುಕ್ಕಳಿಸಿ. ಹಿತ್ತಲಿಗೆ ಅಥವಾ ಅಂಗಳಕ್ಕೆ ಹೋಗಿ, ಗಾಳಿಯಾಡುವ ಜಾಗಕ್ಕೆ. ಬಚ್ಚಲು ಮನೆಯೊಳಗೆ ಬೇಡ, ಮಕ್ಕಳು ಹತ್ತಿರ ಇರುವುದೂ ಬೇಡ. ಎರಡು ಮೂರು ಸಲ ಉಸಿರನ್ನು ಆಳಕ್ಕೆ ಎಳೆದು ಹಿಡಿದು ಬಿಡಿ. ಆಮೇಲೆ ಎದೆಯ ಬುಡದಿಂದ ಕೆಮ್ಮಿ. ಗಂಟಲಿನಿಂದ ಕ್ಯಾಕರಿಸಿದರೆ ಬರುವುದು ಎಂಜಲು. ನೊರೆ ನೊರೆಯಾಗಿ ನೀರಿನಂತಿದ್ದರೆ ಅದು ಎಂಜಲೇ. ಗಟ್ಟಿಯಾಗಿ, ಅಂಟಂಟಾಗಿ, ಹಳದಿ ಅಥವಾ ಬೆಳ್ಳಗೆ ಇದ್ದರೆ ಅದು ಬೇಕಾದ್ದು. ಒಂದು ಟೀ ಚಮಚದಷ್ಟು ಇದ್ದರೆ ಸಾಕು. ಮುಚ್ಚಳ ಬಿಗಿ ಮಾಡಿ, ಕೈ ತೊಳೆದುಕೊಂಡು, ಅವತ್ತೇ ತಲುಪಿಸಿ. ತಡವಾಗುವುದಾದರೆ ಬಿಸಿಲು ತಾಗದ ತಣ್ಣನೆ ಜಾಗದಲ್ಲಿಡಿ.

ಕಫ ಬರುವುದೇ ಇಲ್ಲ ಎನ್ನುವವರು ರಾತ್ರಿ ಬಿಸಿನೀರು ಕುಡಿದು ಮಲಗಿ. ಬೆಳಿಗ್ಗೆ ಹಬೆ ತೆಗೆದುಕೊಂಡು ನೋಡಿ. ಆದರೂ ಬಾರದಿದ್ದರೆ ಹಾಗೆಂದು ಹೇಳಿ. ಆಸ್ಪತ್ರೆಯಲ್ಲಿ ಉಪ್ಪುನೀರಿನ ಹಬೆ ಕೊಟ್ಟು ಕಫ ತೆಗೆಸುತ್ತಾರೆ. ಎಂಜಲು ತುಂಬಿ ಕೊಟ್ಟು "ಇಲ್ಲ" ಎಂಬ ರಿಪೋರ್ಟು ಪಡೆದರೆ ಮೋಸ ಹೋಗುವವರು ನೀವೇ.

ಕಫದ ರಿಪೋರ್ಟು ಯಾವಾಗ ಬರುತ್ತದೆ?

ಈಗಿನ ಪರೀಕ್ಷೆಗಳಾದ ಸಿಬಿನ್ಯಾಟ್ ಮತ್ತು ಟ್ರೂನ್ಯಾಟ್ ಮಷಿನ್ನಿಗೆ ಹಾಕಿದ ಮೇಲೆ ಒಂದೆರಡು ಗಂಟೆಯ ಕೆಲಸ. ಟ್ರೂನ್ಯಾಟ್ ನಮ್ಮದೇ ದೇಶದ, ಗೋವಾದ ಕಂಪನಿಯದು. ಬ್ಯಾಟರಿಯಲ್ಲೂ ನಡೆಯುತ್ತದೆ. ಟಿ.ಬಿ. ಇದೆಯಾ ಎಂಬುದರ ಜೊತೆಗೆ ರಿಫಾಂಪಿಸಿನ್ ಎಂಬ ಮುಖ್ಯ ಔಷಧಿ ಈ ರೋಗಾಣುವಿನ ಮೇಲೆ ಕೆಲಸ ಮಾಡುತ್ತದಾ ಎಂಬುದೂ ತಿಳಿಯುತ್ತದೆ. ತಡವಾಗುವುದು ಡಬ್ಬಿ ಮಷಿನ್ನಿನ ತನಕ ಹೋಗುವ ದಾರಿಯಲ್ಲಿ.

ಟಿ.ಬಿ. ಅಲ್ಲ ಎಂದರು. ಆದರೆ ಶ್ವಾಸಕೋಶ ಸರಿಯಿಲ್ಲ ಎಂದರು. ಅಂದರೆ?

ಎಕ್ಸ್‌ರೇಯ ಮುಂದೆ ನಿಂತ ಮೇಲೆ ಟಿ.ಬಿ. ಒಂದೇ ಕಾಣುವುದಿಲ್ಲವಲ್ಲ. ದೊಡ್ಡದಾದ ಹೃದಯ, ಶ್ವಾಸಕೋಶದ ಸುತ್ತ ತುಂಬಿದ ನೀರು, ಗಡ್ಡೆ, ನ್ಯುಮೋನಿಯಾ, ಏನು ಬೇಕಾದರೂ ಕಾಣಬಹುದು.

ಬೀಡಿ ಸೇದಿದವರಲ್ಲಿ, ದಶಕಗಟ್ಟಲೆ ಸೌದೆ ಒಲೆ ಊದಿದ ಅಜ್ಜಿಯರಲ್ಲಿ ಶ್ವಾಸಕೋಶ ಬಲೂನಿನಂತೆ ಊದಿಕೊಂಡಿರುತ್ತದೆ. ವಪೆ, ಅಂದರೆ ಎದೆ ಮತ್ತು ಹೊಟ್ಟೆಯ ನಡುವಿನ ಪರದೆಯಂಥ ಸ್ನಾಯು, ಚಪ್ಪಟೆಯಾಗಿ ಕೆಳಗೆ ಇಳಿದಿರುತ್ತದೆ. ಇದು ಸಿಒಪಿಡಿ, ಅಂದರೆ ಉಸಿರಿನ ದಾರಿ ಕಿರಿದಾಗುವ ದೀರ್ಘಕಾಲದ ಕಾಯಿಲೆ ಇರಬಹುದು. ಅದನ್ನು ಖಚಿತ ಮಾಡಲು ಊದಿ ನೋಡುವ ಸ್ಪೈರೋಮೆಟ್ರಿ ಪರೀಕ್ಷೆ ಬೇಕು. ಮೊದಮೊದಲು ಎಕ್ಸ್‌ರೇಯಲ್ಲಿ ಏನೂ ಕಾಣದೇ ಇರಲೂಬಹುದು. ಹಾಗಾಗಿ ದಮ್ಮು ಬರುತ್ತಿದ್ದರೆ "ಎಕ್ಸ್‌ರೇ ನಾರ್ಮಲ್" ಎಂದು ಬಿಡಬೇಡಿ.

ಕಲ್ಲಿನ ಧೂಳಿನಲ್ಲಿ ದುಡಿದವರ ಕಥೆ ಬೇರೆ. ಕ್ವಾರಿ, ಕ್ರಷರ್, ಗ್ರಾನೈಟ್ ಕತ್ತರಿಸುವ ಕೆಲಸ ಮಾಡಿದವರ ಶ್ವಾಸಕೋಶದಲ್ಲಿ ರಾಗಿ ಚೆಲ್ಲಿದಂತೆ ಸಣ್ಣ ಸಣ್ಣ ಚುಕ್ಕಿ. ಅದು ಸಿಲಿಕೋಸಿಸ್. ಹೋದ ಶ್ವಾಸಕೋಶ ವಾಪಸ್ ಬರುವುದಿಲ್ಲ. 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಯ ಎಷ್ಟೋ ಮನೆಗಳಿಗೆ ಈ ಕಾಯಿಲೆ ಗೊತ್ತು. ಸಿಲಿಕೋಸಿಸ್ ಇದ್ದವರಿಗೆ ಟಿ.ಬಿ. ಬರುವ ಅಪಾಯವೂ ಉಳಿದವರಿಗಿಂತ ಹೆಚ್ಚು. ಎರಡೂ ಸೇರಿಕೊಂಡರೆ ಎಕ್ಸ್‌ರೇ ನೋಡಿ ಬಿಡಿಸಿ ಹೇಳುವುದು ಡಾಕ್ಟರಿಗೂ ಕಷ್ಟ. ನೀವು ಏನು ಕೆಲಸ ಮಾಡಿದ್ದೀರಿ ಎಂದು ನಾನು ಕೇಳಿದಾಗ "ಕೂಲಿ" ಎಂದಷ್ಟೇ ಹೇಳಬೇಡಿ. ಯಾವ ಕೂಲಿ, ಎಷ್ಟು ವರ್ಷ ಎಂದು ಹೇಳಿ.

ನನ್ನದು ನಾರ್ಮಲ್ ಬಂತು. ಇನ್ನು ಜನ್ಮದಲ್ಲಿ ಟಿ.ಬಿ. ಬರುವುದಿಲ್ಲ ತಾನೆ?

ಇಲ್ಲ, ಹಾಗಲ್ಲ. ಇವತ್ತಿನ ಚಿತ್ರ ಇವತ್ತಿನದು. ದೇಶದಲ್ಲಿ 15 ದಾಟಿದವರಲ್ಲಿ ಸುಮಾರು 31% ಜನರ ಮೈಯಲ್ಲಿ ಟಿ.ಬಿ. ಸೋಂಕು ಮಲಗಿದೆ. ಹೆಚ್ಚಿನವರಿಗೆ ಅದು ಯಾವತ್ತೂ ಕಾಯಿಲೆಯಾಗಿ ಏಳುವುದಿಲ್ಲ. ಏಳುವುದು ನೂರಕ್ಕೆ ಐದರಿಂದ ಹತ್ತು ಜನರಲ್ಲಿ. ಮಲಗಿರುವ ಸೋಂಕು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಕತ್ತಿನ ಗಡ್ಡೆ, ಬೆನ್ನುಮೂಳೆ, ಹೊಟ್ಟೆಯ ಟಿ.ಬಿ. ಕೂಡ ಎದೆ ಎಕ್ಸ್‌ರೇಯಲ್ಲಿ ಸಿಗುವುದಿಲ್ಲ. ಎರಡು ವಾರ ದಾಟಿದ ಕೆಮ್ಮು, ಸಂಜೆ ಜ್ವರ, ರಾತ್ರಿ ಬೆವರು, ಸೊರಗುವುದು, ಕಫದಲ್ಲಿ ರಕ್ತ ಕಂಡರೆ ಹೋದ ತಿಂಗಳು ಎಕ್ಸ್‌ರೇ ಚೆನ್ನಾಗಿತ್ತು ಎಂದು ಕೂರಬೇಡಿ.

ಟಿ.ಬಿ. ಇದೆ ಎಂದೇ ಆಯಿತು. ಆಸ್ಪತ್ರೆಗೆ ಸೇರಬೇಕಾ?

ಬಹುಪಾಲು ಜನಕ್ಕೆ ಬೇಕಿಲ್ಲ. ನಮ್ಮ ಅಜ್ಜಂದಿರ ಕಾಲದಲ್ಲಿ ಕ್ಷಯ ಎಂದರೆ ಸ್ಯಾನಿಟೋರಿಯಂ, ಅಂದರೆ ಕ್ಷಯ ರೋಗಿಗಳನ್ನು ತಿಂಗಳುಗಟ್ಟಲೆ ಇಟ್ಟುಕೊಳ್ಳುವ ಆಸ್ಪತ್ರೆ. ಮೈಸೂರಿನಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಸ್ಯಾನಿಟೋರಿಯಂ ಇದೆ. ಆ ರಾಜಕುಮಾರಿಯನ್ನೂ ಬಲಿ ತೆಗೆದುಕೊಂಡದ್ದು ಇದೇ ಕಾಯಿಲೆ. ಅರಮನೆಯನ್ನೂ ಬಿಡಲಿಲ್ಲ ಅದು. 1956ರಲ್ಲಿ ಮದ್ರಾಸಿನಲ್ಲಿ ಒಂದು ಅಧ್ಯಯನ ಶುರುವಾಯಿತು. ಒಂದಷ್ಟು ರೋಗಿಗಳಿಗೆ ಸ್ಯಾನಿಟೋರಿಯಮ್ಮಿನಲ್ಲಿ, ಒಂದಷ್ಟು ಜನಕ್ಕೆ ಇಕ್ಕಟ್ಟಾದ ಅವರವರ ಮನೆಯಲ್ಲೇ ಅದೇ ಔಷಧಿ ಕೊಟ್ಟರು. ಮನೆಯಲ್ಲಿದ್ದವರೂ ಅಷ್ಟೇ ಚೆನ್ನಾಗಿ ವಾಸಿಯಾದರು. ಅಲ್ಲಿಂದ ಮುಂದೆ ಜಗತ್ತಿನ ಚಿಕಿತ್ಸೆಯ ರೀತಿಯೇ ಬದಲಾಯಿತು.

ಈಗ ಸಾಮಾನ್ಯ ಟಿ.ಬಿ.ಗೆ ಆರು ತಿಂಗಳು ಮಾತ್ರೆ. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಅದು ಮಾತ್ರೆಯ ಬಣ್ಣ, ಗಾಬರಿ ಬೇಡ. ಎರಡು ತಿಂಗಳಿಗೆ ಕೆಮ್ಮು ನಿಂತು ಮೈ ತುಂಬಿಕೊಳ್ಳುತ್ತದೆ. ಮಾತ್ರೆ ಬಿಡುವುದು ಜನ ಆಗಲೇ. ಬಿಟ್ಟರೆ ಮದ್ದಿಗೆ ಬಗ್ಗದ ಟಿ.ಬಿ. ಆಗಬಹುದು. ಪೌಷ್ಟಿಕ ಆಹಾರಕ್ಕೆಂದು ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಚಿಕಿತ್ಸೆ ನಡೆಯುವಷ್ಟೂ ಕಾಲ ತಿಂಗಳಿಗೆ 1000 ರೂಪಾಯಿ ಬ್ಯಾಂಕ್ ಖಾತೆಗೆ ಬರುತ್ತದೆ. 2018ರಲ್ಲಿ ಶುರುವಾದಾಗ 500 ಇತ್ತು, 2024ರ ನವೆಂಬರಿನಿಂದ ಹೆಚ್ಚಾಯಿತು. ಮನೆಯವರನ್ನೂ ಪರೀಕ್ಷೆ ಮಾಡುತ್ತಾರೆ. ಕಾಯಿಲೆ ಇಲ್ಲದವರಿಗೂ ಮುಂದೆ ಬಾರದಿರಲಿ ಎಂದು ಮಾತ್ರೆ ಕೊಡುತ್ತಾರೆ. ವಾರಕ್ಕೊಮ್ಮೆಯಂತೆ ಹನ್ನೆರಡು ವಾರದ್ದೂ ಇದೆ, ದಿನಾ ತಿನ್ನುವ ಆರು ತಿಂಗಳಿನದ್ದೂ ಇದೆ.

ಊರಿಗೆಲ್ಲ ಗೊತ್ತಾದರೆ? ಮಗಳ ಮದುವೆ ಮಾತುಕತೆ ನಡೆಯುತ್ತಿದೆ.

ಈ ಪ್ರಶ್ನೆಯನ್ನು ಜೋರಾಗಿ ಯಾರೂ ಕೇಳುವುದಿಲ್ಲ. ಬೆಲ್ಟು, ಸರ ಎಲ್ಲ ವಾಪಸ್ ಹಾಕಿಕೊಳ್ಳುವಾಗ ಮೆಲ್ಲಗೆ ಕೇಳುತ್ತಾರೆ. ರಿಪೋರ್ಟನ್ನು ಮೈಕಿನಲ್ಲಿ ಓದುವುದಿಲ್ಲ, ಪಂಚಾಯಿತಿ ಗೋಡೆಗೆ ಅಂಟಿಸುವುದಿಲ್ಲ. ಸರ್ಕಾರದ ನಿಕ್ಷಯ್ ದಾಖಲೆಯಲ್ಲಿ ಹೆಸರು ಸೇರುತ್ತದೆ. 2012ರಿಂದ ಖಾಸಗಿ ಡಾಕ್ಟರು ಕೂಡ ಟಿ.ಬಿ. ಕಂಡರೆ ತಿಳಿಸಲೇಬೇಕು. ಆದರೆ ಹಳ್ಳಿಯಲ್ಲಿ ಗುಟ್ಟು ಉಳಿಯುವುದು ಕಷ್ಟ ಎಂಬುದೂ ನಿಜ, ಅದನ್ನು ಮುಚ್ಚಿಟ್ಟು ಮಾತಾಡುವುದು ಸರಿಯಲ್ಲ. ಆಶಾ ಮನೆಗೆ ಬರುವುದು ಬೇಡ ಎನಿಸಿದರೆ ಹಾಗೇ ಹೇಳಿ. ಫೋನಿನಲ್ಲಿ ಮಾತಾಡುತ್ತಾರೆ, ನೀವೇ ಉಪಕೇಂದ್ರಕ್ಕೆ ಹೋಗಬಹುದು. ತಟ್ಟೆ ಲೋಟ ಬೇರೆ ಮಾಡಬೇಕಿಲ್ಲ. ಟಿ.ಬಿ. ಎಂಜಲಿನ ತಟ್ಟೆಯಿಂದ ಹರಡುವುದಿಲ್ಲ, ಗಾಳಿಯಿಂದ ಹರಡುತ್ತದೆ. ಸರಿಯಾದ ಮಾತ್ರೆ ಶುರುವಾಗಿ ಕೆಲವು ವಾರಗಳಲ್ಲಿ ಹರಡುವುದೂ ನಿಲ್ಲುತ್ತದೆ.

ನಮ್ಮಪ್ಪನ ಕಾಲದಲ್ಲೂ ಎಕ್ಸ್‌ರೇ ವ್ಯಾನು ಬರುತ್ತಿತ್ತಂತೆ. ಯಾಕೆ ನಿಂತುಹೋಗಿತ್ತು?

ಈ ಪ್ರಶ್ನೆ ಕೇಳಿದರೆ ನನಗೆ ಖುಷಿ. ಸ್ವಲ್ಪ ಉದ್ದ ಹೇಳುತ್ತೇನೆ.

1936ರಲ್ಲಿ ಬ್ರೆಜಿಲ್‌ನ ಮನೋಯೆಲ್ ದ ಅಬ್ರೆಯು ಎಂಬ ವೈದ್ಯರು ಎದೆ ಎಕ್ಸ್‌ರೇಯನ್ನು ಸಣ್ಣ ಫಿಲ್ಮಿನ ಮೇಲೆ ಅಗ್ಗವಾಗಿ ತೆಗೆಯುವ ದಾರಿ ಕಂಡುಹಿಡಿದರು. ಆಮೇಲೆ ದೇಶ ದೇಶಗಳಲ್ಲಿ ವ್ಯಾನುಗಳು ಹೊರಟವು. 1957ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಬರೀ ಐದು ವಾರದಲ್ಲಿ ಏಳು ಲಕ್ಷ ಜನರ ಎಕ್ಸ್‌ರೇ ತೆಗೆದರು. ನಮ್ಮಲ್ಲಿ 1955ರಿಂದ 58ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲೂ ಇದೇ ಸಣ್ಣ ಫಿಲ್ಮಿನ ಎಕ್ಸ್‌ರೇ ಬಳಸಿದರು. ಕ್ಷಯ ಪಟ್ಟಣದ ಕಾಯಿಲೆ ಎಂದು ನಂಬಿದ್ದವರಿಗೆ ಅದು ಹಳ್ಳಿಯಲ್ಲೂ ಅಷ್ಟೇ ಇದೆ ಎಂದು ಗೊತ್ತಾಯಿತು.

ಮುಂದಿನ ತಿರುವು ನಮ್ಮ ಜಿಲ್ಲೆಯದೇ. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿರುವ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು 1960ರ ಆಸುಪಾಸಿನಲ್ಲಿ ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಬಂದರು. ರೋಗಿಗಳನ್ನು ಹುಡುಕಿ, ಅವರ ಜೊತೆ ಕೂತು ಮಾತಾಡಿಸಿದರು. ಹಳ್ಳಿಯವರಿಗೆ ಕಾಯಿಲೆಯ ಅರಿವಿಲ್ಲ ಎಂಬುದು ಆಗಿನ ನಂಬಿಕೆ. ನೋಡಿದರೆ ಹೆಚ್ಚುಕಡಿಮೆ ಎಲ್ಲ ರೋಗಿಗಳಿಗೂ ತಮಗೇನೋ ಆಗಿದೆ ಎಂದು ಗೊತ್ತಿತ್ತು. ಅರ್ಧದಷ್ಟು ಜನ ಆಗಲೇ ಆಸ್ಪತ್ರೆಗೂ ಹೋಗಿ ಬಂದಿದ್ದರು. ಕೆಮ್ಮಿನ ಔಷಧಿ ಕೊಟ್ಟು ವಾಪಸ್ ಕಳಿಸಿದ್ದರು ಅಷ್ಟೇ! ತಾನಾಗಿ ಬಾಗಿಲಿಗೆ ಬಂದವರ ಕಫ ನೋಡದೆ ವ್ಯಾನು ಹತ್ತಿ ಊರೂರು ಅಲೆಯುವುದ್ಯಾಕೆ ಎಂಬ ಮಾತು ಗಟ್ಟಿಯಾಯಿತು. 1962ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮ ಕಫ ಪರೀಕ್ಷೆಯನ್ನೇ ನೆಚ್ಚಿಕೊಂಡಿತು. 1974ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪರಿಣತರ ಸಮಿತಿಯೂ ಕಂಡ ಕಂಡವರಿಗೆಲ್ಲ ವ್ಯಾನಿನಲ್ಲಿ ಎಕ್ಸ್‌ರೇ ತೆಗೆಯುವುದನ್ನು ಬಿಡಿ ಎಂದಿತು. ಖರ್ಚು ಜಾಸ್ತಿ, ಓದುವವರು ಕಡಿಮೆ.

ಅವರು ಹೇಳಿದ್ದು ಆ ಕಾಲಕ್ಕೆ ಸರಿಯೇ ಇತ್ತು ಎಂದು ನನ್ನ ಅನಿಸಿಕೆ. ಆದರೆ ಕೆಮ್ಮದ ರೋಗಿಗಳು ಲೆಕ್ಕದಿಂದ ಹೊರಗೇ ಉಳಿದರು. ಈಗ ಮಷಿನ್ನು ಹೆಗಲಿಗೆ ಬಂದಿದೆ, ಓದಲು ತಂತ್ರಾಂಶ ಇದೆ, ಕಫದ ಪರೀಕ್ಷೆ ಗಂಟೆಗಳಲ್ಲಿ ಮುಗಿಯುತ್ತದೆ. ಹಾಗಾಗಿ ಎಕ್ಸ್‌ರೇ ವಾಪಸ್ ಬಂತು. ತುಮಕೂರಿನ ಆ ಹಳೇ ಪಾಠ ಮಾತ್ರ ಈಗಲೂ ನಮ್ಮ ಪಾಲಿಗೆ ಉಳಿದಿದೆ. ಕೆಮ್ಮಿಕೊಂಡು ಬಂದವರಿಗೆ ಸಿರಪ್ಪು ಕೊಟ್ಟು ಕಳಿಸುವುದು ಇನ್ನೂ ಎಷ್ಟೋ ಕಡೆ ನಿಂತಿಲ್ಲ.

ದುಡ್ಡು ಎಷ್ಟು?

ಇಲ್ಲ. ಎಕ್ಸ್‌ರೇ, ಕಫ ಪರೀಕ್ಷೆ, ಮಾತ್ರೆ ಯಾವುದಕ್ಕೂ ಇಲ್ಲ. ಯಾರಾದರೂ ಕೇಳಿದರೆ ಕೊಡಬೇಡಿ.

ಎಕ್ಸ್‌ರೇ ತೆಗೆಸಿ ಹತ್ತು ದಿನ ಆಯ್ತು. ಯಾರೂ ಫೋನ್ ಮಾಡಿಲ್ಲ. ಎಲ್ಲ ಸರಿಯಿದೆ ಅಂತ ತಾನೆ?

ಹಾಗೆ ತಿಳಿದುಕೊಳ್ಳಬೇಡಿ. ಮಗನ ನಂಬರು ಬರೆಸಿರುತ್ತೀರಿ, ಮಗ ಬೆಂಗಳೂರಿನಲ್ಲಿ ಫ್ಯಾಕ್ಟರಿ ಒಳಗೆ ಇರುತ್ತಾನೆ, ಗೊತ್ತಿಲ್ಲದ ನಂಬರು ಎಂದು ಎತ್ತುವುದಿಲ್ಲ. ಒಮ್ಮೆ ನಾವೇ ಗದ್ದಲದಲ್ಲಿ 7 ಇದ್ದದ್ದನ್ನು 1 ಎಂದು ಬರೆದುಕೊಂಡು ಒಂದು ವಾರ ಯಾರದೋ ಮನೆಗೆ ಫೋನ್ ಮಾಡಿದೆವು. ಅವರು ಪಾಪ ಬೈದರೂ ಸರಿಯಾಗೇ ಬೈದರು. ಆದ್ದರಿಂದ ಎರಡು ನಂಬರು ಬರೆಸಿ, ಎರಡರಲ್ಲಿ ಯಾವುದೂ ಪಕ್ಕದ ಮನೆಯದಾಗಬಾರದು. ಕ್ಯಾಂಪಿನಲ್ಲಿ ಕೊಟ್ಟ ಚೀಟಿ ಇಟ್ಟುಕೊಳ್ಳಿ. ವಾರದೊಳಗೆ ಸುದ್ದಿ ಬಾರದಿದ್ದರೆ ಆ ಚೀಟಿ ಹಿಡಿದು ಆಶಾ ಹತ್ತಿರ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಚೀಟಿ ಕಳೆದಿದ್ದರೆ 1800-11-6666ಕ್ಕೆ ಫೋನ್ ಮಾಡಿ ಮುಂದೇನು ಎಂದು ಕೇಳಿ, ಅದು ಟಿ.ಬಿ.ಗೇ ಇರುವ ಉಚಿತ ಸಹಾಯವಾಣಿ. ಚೀಟಿಯನ್ನು ಅಂಗಿ ಜೇಬಿನಲ್ಲಿ ಇಟ್ಟು ಒಗೆಯಲು ಹಾಕುವವರೇ ಜಾಸ್ತಿ, ಅದಕ್ಕೆ ನಾನು ಈಗ ಆಧಾರ್ ಕಾರ್ಡಿನ ಕವರಿನೊಳಗೆ ನಾನೇ ಸಿಕ್ಕಿಸಿ ಕೊಡುತ್ತೇನೆ.